ಆನೆ ನಡೆದದ್ದು ದಾರಿ, ಟ್ಯಾಂಕು ನಡೆದದ್ದಲ್ಲ

ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆಯಾ? ಸರಿ. ಟ್ಯಾಂಕಿನೊಳಗೆ ಕೂತು ಸಂಬಳ ತಿಂದವನ ಕಿವಿ ಅರ್ಧ ಹೋಗಿರುತ್ತದೆ. ಹಾಗಾಗಿ ನಾನು ಮನೆಯಲ್ಲೂ ಜೋರಾಗಿಯೇ ಮಾತಾಡುವುದು. ಮೈಕು ಕೈಕೊಟ್ಟರೂ ನಿಮಗೆ ನಷ್ಟವಿಲ್ಲ.

ಇವತ್ತು ಏಪ್ರಿಲ್ 13. ಈ ತಾರೀಕು ಅಂದರೆ ನಮಗೆಲ್ಲ ಜಲಿಯನ್‌ವಾಲಾ ಬಾಗ್. ಅದು ಹಾಗೇ ಇರಬೇಕು. ಆದರೆ ಇದೇ ತಾರೀಕು, 1944ರಲ್ಲಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಕೈಕೆಳಗಿನ ನಮ್ಮ ಸೈನ್ಯ ಜಪಾನಿಗಳ ಜೊತೆ ಕಾದಾಡುತ್ತಿದ್ದಾಗ, ಮಣಿಪುರದ ಇಂಫಾಲದ ಪಕ್ಕದ ನುನ್ಶಿಗುಂ ಗುಡ್ಡದ ಮೇಲೆ ಇನ್ನೊಂದು ಸಂಗತಿ ನಡೆಯಿತು. ಅದನ್ನು ಹೇಳುವ ನೆಪದಲ್ಲಿ ನನ್ನ ಹೊಟ್ಟೆಯಲ್ಲಿರುವ ಒಂದು ಸಂಕಟವನ್ನೂ ಹೇಳಿಕೊಳ್ಳೋಣ ಅಂತ ಬಂದಿದ್ದೇನೆ.

ಮೊನ್ನೆ ಮೊಮ್ಮಗ ಕೇಳಿದ. 'ಅಜ್ಜ, ಟ್ಯಾಂಕು ಕಾಡಿನಲ್ಲಿ ಮರ ಎಲ್ಲ ಬೀಳಿಸಿಕೊಂಡು ಹೋಗುತ್ತೆ ಅಲ್ವಾ?' ಸಿನಿಮಾ ನೋಡಿದ್ದಾನೆ. ಆನೆ ನಡೆದದ್ದೇ ದಾರಿ ಅಂತ ನಮ್ಮ ಗಾದೆ. ಟ್ಯಾಂಕಿಗೂ ಅದೇ ಗಾದೆ ಹೊಂದುತ್ತದೆ ಅಂದುಕೊಂಡವರು ಜಾಸ್ತಿ. ಇಲ್ಲ ಸ್ವಾಮಿ. ಆನೆ ಮುಂದಿನ ಹೆಜ್ಜೆ ಇಡುವ ಮೊದಲು ಸೊಂಡಿಲಿನಿಂದ ನೆಲ ಮುಟ್ಟಿ ನೋಡುತ್ತದೆ. ಅನುಮಾನ ಬಂದರೆ ಮಾವುತ ಎಷ್ಟು ತಿವಿದರೂ ಜಪ್ಪಯ್ಯ ಅನ್ನುವುದಿಲ್ಲ. ಟ್ಯಾಂಕಿಗೆ ಸೊಂಡಿಲಿಲ್ಲ. ಹ್ಯಾಚು ಮುಚ್ಚಿದರೆ ಡ್ರೈವರನಿಗೆ ಕಾಣುವುದು ಅಂಚೆಡಬ್ಬಿಯ ಬಾಯಿಯಷ್ಟು ಜಗತ್ತು. ನಾನು ಓಡಿಸಿದ್ದು ರಾಜಸ್ಥಾನದ ಮರಳಿನಲ್ಲಿ. ಅಲ್ಲೇ ದಿಕ್ಕು ತಪ್ಪುತ್ತಿತ್ತು. ಬಿದಿರುಮೆಳೆಯ ನಡುವೆ ಹೇಗಿರಬೇಡ!

ಮೊದಲು ಡಾನ್‌ಬೈಕ್ ಹೇಳಿಬಿಡುತ್ತೇನೆ. ಬರ್ಮಾದ ಅರಕಾನ್ ಕರಾವಳಿ, 1943ರ ಫೆಬ್ರವರಿ 1. ಮರದ ದಿಮ್ಮಿ, ಮಣ್ಣು ಹೇರಿ ಕಟ್ಟಿದ ಜಪಾನಿ ಬಂಕರುಗಳು. ಅವು ಫಿರಂಗಿಗೆ ಬಗ್ಗಲಿಲ್ಲ, ಕಾಲಾಳುಗಳು ಬಡಿದು ಬಡಿದು ಸೋತರು. ಆಗ ಟ್ಯಾಂಕು ಕಳಿಸಿ ಅಂದರು. ಎಷ್ಟು ಕಳಿಸಿದರು? ಬೆರಳೆಣಿಕೆಯಷ್ಟು ವ್ಯಾಲೆಂಟೈನ್ ಟ್ಯಾಂಕು. ಆ ಕಡೆಯ ಬ್ರಿಟಿಷ್ ಸೇನಾನಿ ಜನರಲ್ ಸ್ಲಿಮ್ ಬೇಡ ಅಂದಿದ್ದರು. ಕಳಿಸುವುದಾದರೆ ದಂಡಿಯಾಗಿ ಕಳಿಸಿ, ಜಾಸ್ತಿ ಕಳಿಸಿದಷ್ಟೂ ಕಳೆದುಕೊಳ್ಳುವುದು ಕಡಿಮೆ ಅನ್ನುವುದು ಅವರ ಲೆಕ್ಕ. ಮೇಲಿನವರು ಕೇಳಲಿಲ್ಲ. ಮೇಲಿನವರು ಯಾವ ಕಾಲದಲ್ಲಿ ಕೇಳಿದ್ದಾರೆ, ಹೇಳಿ.

ಟ್ಯಾಂಕುಗಳು ಹೋದವು. ಕೆಲವು ಕೊರಕಲಿಗೆ ಬಿದ್ದವು, ಕಾಡಾನೆ ಗುಂಡಿಗೆ ಬಿದ್ದ ಹಾಗೆ. ಒಳಗಿದ್ದವರು ವಾಪಸ್ ಬರಲಿಲ್ಲ. ಸುಮಾರು ಎರಡು ವರ್ಷ ಕಳೆದು ಸೈನ್ಯ ಮತ್ತೆ ಅಲ್ಲಿಗೆ ಹೋದಾಗ ಆ ಟ್ಯಾಂಕುಗಳು ಅಲ್ಲೇ ಇದ್ದವು. ಅವರೂ ಅಲ್ಲೇ ಇದ್ದರು.

ಇದೇ ಡಾನ್‌ಬೈಕಿನಲ್ಲಿ, ಇದಕ್ಕೆ ಕೆಲವೇ ದಿನ ಮೊದಲು, ಜನವರಿಯಲ್ಲಿ, 8ನೇ ಪಂಜಾಬ್ ರೆಜಿಮೆಂಟಿನ ಹವಿಲ್ದಾರ್ ಪ್ರಕಾಶ್ ಸಿಂಗ್ ಏನು ಮಾಡಿದರು ಗೊತ್ತಲ್ವಾ? ಹೂತುಹೋದ ಬ್ರೆನ್ ಕ್ಯಾರಿಯರುಗಳ, ಅಂದರೆ ಟ್ಯಾಂಕಿನ ಹಾಗೆ ಪಟ್ಟಿ ಮೇಲೆ ಓಡುವ ಚಿಕ್ಕ ಉಕ್ಕಿನ ಗಾಡಿಗಳ, ಜನರನ್ನು ತರಲು ತಮ್ಮ ಕ್ಯಾರಿಯರನ್ನು ಗುಂಡಿನ ಮಳೆಗೆ ನುಗ್ಗಿಸಿದರು. ಕರೆದುಕೊಂಡು ಬಂದರು. ಒಂದು ಸಲ 6ನೇ ತಾರೀಕು, ಇನ್ನೊಂದು ಸಲ 19ಕ್ಕೆ. ವಿಕ್ಟೋರಿಯಾ ಕ್ರಾಸ್ ಕೊಟ್ಟರು. ನನ್ನ ಸಂಕಟ ಇಷ್ಟೇ: ಸಿಕ್ಕಿಬಿದ್ದ ಗಾಡಿಯ ಹತ್ತಿರ ಒಬ್ಬ ಮನುಷ್ಯ ಬರಬಲ್ಲನೋ ಇಲ್ಲವೋ, ಅದರ ಮೇಲೆ ಒಳಗಿನವರ ಹಣೆಬರಹ. ಉಕ್ಕು ಎಷ್ಟು ದಪ್ಪ ಅಂತ ಕೇಳುತ್ತಾರೆ ಜನ. ಪಕ್ಕದಲ್ಲಿ ಯಾರು ನಡೆಯುತ್ತಿದ್ದರು ಅಂತ ಯಾರೂ ಕೇಳುವುದಿಲ್ಲ.

ಈಗ ನುನ್ಶಿಗುಂ. ಇದಕ್ಕೆ ಸ್ವಲ್ಪ ಟೈಮು ಬೇಕು, ಅಧ್ಯಕ್ಷರು ಕ್ಷಮಿಸಬೇಕು.

ಎತ್ತರ 3,833 ಅಡಿ. ಬಯಲಿನಿಂದ ಲೆಕ್ಕ ಹಾಕಿದರೆ ಸಾವಿರ ಅಡಿಯ ಗುಡ್ಡ. ಮೇಲೆ ನಿಂತರೆ ಇಂಫಾಲದ ವಿಮಾನಪಟ್ಟಿ ಅಂಗೈ ಮೇಲೆ. ಆ ತುದಿ ಜಪಾನಿಗಳ ಕೈಯಲ್ಲಿತ್ತು. ಅದಕ್ಕೆ ಹತ್ತಿಸಿದ್ದು ಅಮೆರಿಕದ ಲೀ ಟ್ಯಾಂಕನ್ನು. ಸುಮಾರು 27 ಟನ್ ತೂಕ, ಹತ್ತು ಅಡಿ ಎತ್ತರ, ಒಳಗೆ ಆರೇಳು ಜನ. ಅದರ ಆಕಾರ ನೋಡಿದರೆ ಯಾರೋ ಎರಡು ಟ್ಯಾಂಕು ಬರೆಯಲು ಹೊರಟು ಕಾಗದ ಸಾಲದೆ ಒಂದರ ಮೇಲೆ ಒಂದು ಬರೆದ ಹಾಗಿದೆ. ಮೇಲೆ ಗೋಪುರದಲ್ಲಿ ಚಿಕ್ಕ ತೋಪು. ಬಲಗಡೆ ಪಕ್ಕೆಯಲ್ಲಿ 75 ಮಿಲಿಮೀಟರಿನ ದೊಡ್ಡ ತೋಪು. ಈ ದೊಡ್ಡದು ಸ್ವಲ್ಪವೇ ಆಚೀಚೆ ತಿರುಗುತ್ತದೆ. ಇನ್ನೂ ತಿರುಗಬೇಕಾದರೆ ಇಡೀ ಟ್ಯಾಂಕೇ ತಿರುಗಬೇಕು. ರಿವೆಟ್ ಹೊಡೆದು ಕಟ್ಟಿದ ಮೈ ಬೇರೆ. ಹೊರಗೆ ಗುಂಡು ಬಡಿದರೆ ಒಳಗೆ ರಿವೆಟ್ ತಲೆ ಹಾರುತ್ತದೆ. ರಷ್ಯಾದವರು ಇದನ್ನು ಏಳು ಅಣ್ಣತಮ್ಮಂದಿರ ಗೋರಿ ಅಂತ ಕರೆದರು. ಮರುಭೂಮಿಯಲ್ಲಿ ಹಳತಾದ ಮಾಲು ನಮ್ಮ ಕಡೆಗೆ ಬಂತು. ಸುಮ್ನೆ ನಗಬೇಡಿ. ಆ ಹಳೇ ಮಾಲೇ ಬರ್ಮಾದಲ್ಲಿ ರಾಜ. ಅದನ್ನು ತಡೆಯುವ ತೋಪು ಜಪಾನಿಗಳ ಹತ್ತಿರ ಕಡಿಮೆ ಇತ್ತು. ಟ್ಯಾಂಕು ಇಷ್ಟು ಎತ್ತರಕ್ಕೆ ಬಂದೀತು ಅಂತ ಅವರು ಎಣಿಸಿಯೂ ಇರಲಿಲ್ಲ.

ಬ್ರಿಟಿಷ್ ಟ್ಯಾಂಕು ರೆಜಿಮೆಂಟ್ 3ನೇ ಕ್ಯಾರಬಿನಿಯರ್ಸ್‌ನ 'ಬಿ' ಸ್ಕ್ವಾಡ್ರನ್ನಿನ ಟ್ಯಾಂಕುಗಳು, ಜೊತೆಗೆ 17ನೇ ಡೋಗ್ರಾ ರೆಜಿಮೆಂಟಿನ 1ನೇ ಬೆಟಾಲಿಯನ್ನಿನ ಎರಡು ಕಂಪನಿ. ಎರಡು ಏಣುಗಳ ಮೇಲೆ ಹತ್ತಿದರು. ಏಣು ಅಂದರೆ ಎಷ್ಟು ಅಗಲ? ಟ್ಯಾಂಕಿನಷ್ಟೇ ಅಗಲ. ಮೂತಿ ಆಕಾಶಕ್ಕೆ ಎತ್ತಿದ್ದರಿಂದ ಡ್ರೈವರನಿಗೆ ಕಾಣುವುದು ಬರೀ ಆಕಾಶ. ಎಡಕ್ಕೆ ಒಂದು ಗೇಣು ಹೋದರೆ ಪ್ರಪಾತ. ಹಾಗಾದರೆ ಓಡಿಸುವುದು ಹೇಗೆ? ಕಮಾಂಡರ್ ಗೋಪುರದಿಂದ ತಲೆ ಹೊರಗೆ ಹಾಕಬೇಕು. ಎಡ, ಬಲ, ನಿಲ್ಲು ಅಂತ ಹೇಳುತ್ತಾ ಇರಬೇಕು. ಶತ್ರು ಹತ್ತಾರು ಗಜದಲ್ಲಿದ್ದಾನೆ. ತಲೆ ಒಳಗೆ ಎಳೆದುಕೊಂಡರೆ ಎಲ್ಲರೂ ಉರುಳುತ್ತಾರೆ. ಹೊರಗೆ ಇಟ್ಟರೆ ಒಬ್ಬ ಹೋಗುತ್ತಾನೆ.

ಅವರು ಹೊರಗೇ ಇಟ್ಟರು. ಮೇಜರ್ ಸ್ಯಾನ್‌ಫರ್ಡ್ ಹೋದರು. ಗುಡ್ಡ ಹತ್ತಿದ ಟ್ಯಾಂಕುಗಳ ಆಫೀಸರುಗಳೆಲ್ಲ ಹೋದರು. ಡೋಗ್ರಾ ಕಂಪನಿಗಳ ಬ್ರಿಟಿಷ್ ಆಫೀಸರುಗಳೂ ಸತ್ತೋ ಗಾಯಗೊಂಡೋ ಬಿದ್ದರು. ಗುಡ್ಡದ ನೆತ್ತಿಯ ಹತ್ತಿರ ಹುಕುಂ ಕೊಡುವ ಸಾಹೇಬ ಒಬ್ಬನೂ ಇಲ್ಲ!

ಉಳಿದದ್ದು ಯಾರು? ಸ್ಕ್ವಾಡ್ರನ್ ಸಾರ್ಜೆಂಟ್ ಮೇಜರ್ ಕ್ರ್ಯಾಡಕ್. ಡೋಗ್ರಾದ ಸುಬೇದಾರ್ ರಣಬೀರ್ ಸಿಂಗ್. ಸುಬೇದಾರ್ ತಿರು ರಾಮ್. ನಮ್ಮ ಊರಿನ ಸುಬೇದಾರುಗಳನ್ನು ನೆನಪು ಮಾಡಿಕೊಳ್ಳಿ. ಸಾಹೇಬರು ಇದ್ದಾಗಲೂ ಕೆಲಸ ಮಾಡಿಸುವವರು ಅವರೇ. ಇಲ್ಲಿ ಮೂರು ಜನ ಸೇರಿ, ಟ್ಯಾಂಕು ಬಂಕರಿನ ಬಾಯಿಗೆ ಹೊಡೆಯುವುದು, ಡೋಗ್ರಾಗಳು ನುಗ್ಗುವುದು, ಹೀಗೆ ಮಾಡಿ ತುದಿ ಹಿಡಿದರು. ಆ ಸ್ಕ್ವಾಡ್ರನ್ ಇವತ್ತಿಗೂ ಇದೆ, ರೆಜಿಮೆಂಟಿನ ಹೆಸರು ಬದಲಾಗಿದೆ ಅಷ್ಟೇ. ಪ್ರತಿ ವರ್ಷ ನುನ್ಶಿಗುಂ ದಿನ ಅವರ ಪರೇಡಿನಲ್ಲಿ ಆಫೀಸರು ನಿಲ್ಲುವುದಿಲ್ಲ, ಸಾರ್ಜೆಂಟ್ ಮೇಜರ್ ನಡೆಸುತ್ತಾನೆ. ರಣಬೀರ್ ಸಿಂಗ್, ತಿರು ರಾಮ್ ಹೆಸರಿನಲ್ಲಿ ನಾವು ಏನು ನಡೆಸುತ್ತೇವೆ? ಈ ಸಭಾಂಗಣದಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದಿರಿ, ಕೈ ಎತ್ತಿ. ಮೂರು. ಒಬ್ಬರು ನನ್ನ ಹೆಂಡತಿ, ಮನೆಯಲ್ಲಿ ಕೇಳಿ ಕೇಳಿ ಸಾಕಾಗಿದೆ ಅವರಿಗೆ.

ಚೀಟಿ ಬಂತು. ಐದು ನಿಮಿಷ ಅಂತೆ. ಅಡ್ಮಿನ್ ಬಾಕ್ಸ್, ಅಂದರೆ 1944ರ ಫೆಬ್ರವರಿಯಲ್ಲಿ ಅದೇ ಅರಕಾನಿನಲ್ಲಿ ನಡೆದ ಕಾಳಗ, ಅದನ್ನು ಬಿಟ್ಟೆ. ಅಲ್ಲಿದ್ದ ಟ್ಯಾಂಕು ರೆಜಿಮೆಂಟ್ 25ನೇ ಡ್ರಾಗೂನ್ಸ್ ಬಗ್ಗೆ ಬರೆದುಕೊಂಡು ಬಂದದ್ದು ಎರಡು ಪುಟ, ಇರಲಿ. ಅಲ್ಲಿ ಒಂದು ಇಡೀ ರೆಜಿಮೆಂಟ್ ಟ್ಯಾಂಕು ಇತ್ತು, ಸ್ಲಿಮ್ ಲೆಕ್ಕ ಸರಿಯಾಯಿತು, ಅಷ್ಟು ಸಾಕು.

ನಾಗಾ ಬೆಟ್ಟಗಳ ಕೊಹಿಮಾ ಮಾತ್ರ ಬಿಡಲಾರೆ, ಅದೂ 1944ರದ್ದೇ. ಅಲ್ಲಿಗೆ ಧಾವಿಸಿದ ಬ್ರಿಟಿಷ್ 2ನೇ ಡಿವಿಷನ್‌ನ ಪಡೆಗಳು ಕಾಡಿನ ಯುದ್ಧ ಕಲಿತದ್ದರಲ್ಲಿ ನಮ್ಮ ಬೆಳಗಾವಿ ಕಡೆಯ ಕಾಡೂ ಸೇರಿದೆ. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನ್ನಿಸ್ ಕೋರ್ಟು, ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಜಪಾನಿಗಳು, ನಿಮಗೆ ಗೊತ್ತಿದ್ದದ್ದೇ. ವಾರಗಟ್ಟಲೆ ಯಾರಿಗೂ ಬಗ್ಗದ ಜಾಗ. ಕೊನೆಗೆ ಎಂಜಿನಿಯರುಗಳು ಗುಡ್ಡ ಕಡಿದು ಹಾದಿ ಮಾಡಿದರು. ಮೇ 13ರಂದು ಸಾರ್ಜೆಂಟ್ ವಾಟರ್‌ಹೌಸ್‌ನ ಟ್ಯಾಂಕು ಮೇಲಿನ ತಟ್ಟಿನಿಂದ ಜಾರಿ ನೇರ ಕೋರ್ಟಿಗೆ ಇಳಿಯಿತು. ಬಂಕರುಗಳಿಗೆ ಕೆಲವೇ ಗಜದಿಂದ 75 ಮಿಲಿಮೀಟರ್ ಶೆಲ್. ಪಕ್ಕದಲ್ಲಿ ಬ್ರಿಟಿಷರ ಡಾರ್ಸೆಟ್ ರೆಜಿಮೆಂಟಿನ ಕಾಲಾಳುಗಳು. ಮತ್ತೆ ಅದೇ ಮಾತು, ಪಕ್ಕದಲ್ಲಿ ಯಾರಿದ್ದರು ಅನ್ನೋದು. ಹೇಳಿದ್ದನ್ನೇ ಹೇಳುತ್ತೇನೆ ಅಂತ ಅಧ್ಯಕ್ಷರು ನಗುತ್ತಿದ್ದಾರೆ. ಇರಲಿ, ನಗಲಿ.

ಆ ಟ್ಯಾಂಕು ನಡೆಸಿದ 149ನೇ ರೆಜಿಮೆಂಟಿನವರು ಮೊದಲು ಯಾರ್ಕ್‌ಷೈರಿನ ಕಾಲಾಳು ಬೆಟಾಲಿಯನ್. 1941ರಲ್ಲಿ ಅವರನ್ನು ಟ್ಯಾಂಕಿಗೆ ಹತ್ತಿಸಿದರು. ನಡೆಯುವವನ ಕಷ್ಟ ಅವರಿಗೆ ಗೊತ್ತಿದ್ದೀತು.

ನೀವು ಕೊಹಿಮಾಕ್ಕೆ ಹೋದರೆ ಸಮಾಧಿಗಳ ನಡುವೆ ಟೆನ್ನಿಸ್ ಕೋರ್ಟಿನ ಬಿಳಿ ಗೆರೆ ಈಗಲೂ ಕಾಣುತ್ತದೆ. ಎಲ್ಲರೂ ಫೋಟೋ ತೆಗೆಯುವುದು ಅಲ್ಲೇ. ಆ ಗುಡ್ಡದಲ್ಲಿ ಇಳಿಜಾರಿನಿಂದ ಜಾರಿದ ಒಂದು ಲೀ ಟ್ಯಾಂಕೂ ಉಳಿದಿದೆ. ಹತ್ತಿರ ಹೋಗಿ ಒಂದು ನಿಮಿಷ ಬಗ್ಗಿ. ಡ್ರೈವರನ ಕಿಂಡಿ ಎಷ್ಟಗಲ ಇದೆ ಅಂತ ಕೈಯಿಂದ ಅಳೆದು ನೋಡಿ, ಬಂದು ನನಗೆ ಹೇಳಿ.

ಚಹಾ ಬಂದಿದೆ. ಪ್ರಶ್ನೆ ಇದ್ದವರು ಎಡಗಿವಿಯ ಹತ್ತಿರ ಬಂದು ಕೇಳಿ, ಬಲಗಡೆಯದು ಕೆಲಸ ಮಾಡುವುದಿಲ್ಲ.