ಹನ್ನೆರಡು ಕೊಳವೆಯ ಬಂಡಿ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ಚೀನಾದ ಯುದ್ಧ ರಾಕೆಟ್‌ಗಳದ್ದು.

ದೀಪಾವಳಿಯಲ್ಲಿ ಖಾಲಿ ಬಾಟಲಿಗೆ ರಾಕೆಟ್ ಸಿಕ್ಕಿಸಿ, ಬತ್ತಿಗೆ ಕಿಡಿ ಮುಟ್ಟಿಸಿ ಓಡಿದವರು ನಾವೆಲ್ಲ. ಬಾಟಲಿ ವಾಲಿತೋ, ರಾಕೆಟ್ ಎದುರುಮನೆಯ ಜಗುಲಿಗೆ. 1980ರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ಕಾದಾಡುತ್ತಿದ್ದ ಆಫ್ಘಾನಿಸ್ತಾನದ ಮುಜಾಹಿದೀನ್‌ಗಳು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ. ಬಾಟಲಿಯ ಬದಲು ಕಲ್ಲುಗುಡ್ಡೆ. ಅದಕ್ಕೆ ಒರಗಿಸಿದ್ದು ಚೀನಾದ 107 ಮಿಲಿಮೀಟರ್ ರಾಕೆಟ್.

ಆ ರಾಕೆಟ್ಟಿಗೆ ಅದರದ್ದೇ ಬಂಡಿ ಇದೆ. 1963ರಲ್ಲಿ ಚೀನಾದ ಸೇನೆ ಸೇರಿದ 'ಟೈಪ್ 63'. ಎರಡು ಗಾಲಿ, ಮೂರು ಸಾಲಿನಲ್ಲಿ ಹನ್ನೆರಡು ಕೊಳವೆ. ಒಂದೊಂದು ರಾಕೆಟ್ ಸುಮಾರು 19 ಕಿಲೋ, ಹೋಗುವ ದೂರ 8 ಕಿಲೋಮೀಟರ್. ಬಿಚ್ಚಿದರೆ ಹೇಸರಗತ್ತೆಯ ಮೇಲೆ ಹೇರಿಕೊಂಡು ಬೆಟ್ಟ ಹತ್ತಬಹುದು. ಗುರಿ ಎಷ್ಟು ನಿಖರ ಎಂದು ಮಾತ್ರ ಕೇಳಬೇಡಿ! ಇಂಥ ಕಡೆಯೇ ಬೀಳಲಿ ಎಂದು ಮಾಡಿದ್ದಲ್ಲ, ಒಂದಿಡೀ ಬಯಲಿನ ಮೇಲೆ ಸುರಿಯಲೆಂದು ಮಾಡಿದ್ದು. ಇರಾನ್, ಟರ್ಕಿ, ಉತ್ತರ ಕೊರಿಯಾ ತಮ್ಮಲ್ಲೇ ಇದನ್ನು ತಯಾರಿಸತೊಡಗಿದವು.

ನಕಲು ಚೀನಾಕ್ಕೂ ಹೊಸತಲ್ಲ. ಸೋವಿಯತ್ ಒಕ್ಕೂಟದ 40 ಕೊಳವೆಯ ರಾಕೆಟ್ ಲಾರಿ 'ಗ್ರಾದ್' ಕೇಳಿ ಪಡೆಯುವಷ್ಟು ಸ್ನೇಹ ಆಗ ಉಳಿದಿರಲಿಲ್ಲ. 1979ರ ಯುದ್ಧದಲ್ಲಿ ವಿಯೆಟ್ನಾಮಿನಿಂದ ಗ್ರಾದ್ ಕೈಗೆ ಸಿಕ್ಕಿತು. ಬಿಚ್ಚಿ ನೋಡಿದರು, ತಮ್ಮದೇ ಮಾಡಿಕೊಂಡರು. ಅದೇ 'ಟೈಪ್ 81'.

ನನಗೆ ಸೋಜಿಗವೆನಿಸುವುದು ಆಮೇಲಿನದು. ನಕಲು ಮಾಡಿದವರೇ ಕಲಿಸುವವರಾದರು. 1990ರ ದಶಕದಲ್ಲಿ, ಅಮೆರಿಕ ಮುಂದಾಳಾದ ನ್ಯಾಟೋ ಸೇನಾ ಕೂಟದಲ್ಲೇ ಇರುವ ಟರ್ಕಿ ಚೀನಾದಿಂದ ಡಬ್ಲ್ಯೂಎಸ್-1 ರಾಕೆಟ್ಟಿನ ತಂತ್ರಜ್ಞಾನ ತಂದು 'ಕಸಿರ್ಗಾ' ಎಂದು ಹೆಸರಿಟ್ಟು ತಯಾರಿಸಿತು. ಥಾಯ್ಲೆಂಡ್ ಹಿಡಿದದ್ದೂ ಇದೇ ದಾರಿ. ಬೆಲೆಯೊಂದೇ ಅಲ್ಲ, ಮಾಲಿನ ಜೊತೆ ಮಾಡುವ ವಿದ್ಯೆಯನ್ನೂ ಮಾರುತ್ತಾರೆ ಎಂಬುದೇ ಗಿರಾಕಿಗಳನ್ನು ಸೆಳೆದದ್ದು ಎಂದು ನನ್ನ ಎಣಿಕೆ. ನಮ್ಮ ಪಕ್ಕದ ಪಾಕಿಸ್ತಾನದ ಕೈಯಲ್ಲಿ, ನೂರು ಕಿಲೋಮೀಟರ್ ದೂರ ಹೊಡೆಯುವ ಚೀನಾದ ಎ-100 ರಾಕೆಟ್ ವ್ಯವಸ್ಥೆ ಇದೆ.

ಕಾಕಸಸ್ ಕಡೆ ಬನ್ನಿ. ಆರ್ಮೇನಿಯಾ ಚೀನಾದಿಂದಲೇ ಡಬ್ಲ್ಯೂಎಂ-80 ರಾಕೆಟ್ ವ್ಯವಸ್ಥೆ ಕೊಂಡಿತ್ತು. ಅದರ ಹಗೆ ಅಜರ್‌ಬೈಜಾನ್ 2018ರಲ್ಲಿ ಬೆಲಾರೂಸಿನಿಂದ 'ಪೊಲೊನೆಜ್' ಎಂಬ ರಾಕೆಟ್ ಲಾರಿ ತರಿಸಿತು. ಲಾರಿ ಬೆಲಾರೂಸಿನದು, ರಾಕೆಟ್ಟಿನ ಬೇರು ಚೀನಾದ್ದು! ಗಡಿಯ ಆಚೆಗೂ ಈಚೆಗೂ ಒಂದೇ ಅಂಗಡಿಯ ಸರಕು.

2022ರಲ್ಲಿ ಆರ್ಮೇನಿಯಾ ಬೇರೆ ಅಂಗಡಿ ಹುಡುಕಿಕೊಂಡು ಬಂತು. ನಮ್ಮ ಪಿನಾಕ ರಾಕೆಟ್ ವ್ಯವಸ್ಥೆಗೆ ಹೊರದೇಶದಿಂದ ಬಂದ ಮೊದಲ ಬೇಡಿಕೆ ಅದು.

ನಮಸ್ಕಾರ.