ಬಾನೆಟ್ಟಿನೊಳಗಿನ ಕೀರಲು ದನಿ

ಕೇಳುಗರಿಗೆಲ್ಲ ನಮಸ್ಕಾರ.

ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಡಿಸೆಂಬರ್ ಬಂತೆಂದರೆ ಕಾಫಿ ಕುಯ್ಲು. ಹಗಲೆಲ್ಲ ಹಣ್ಣಿನ ಚೀಲ ಹೊತ್ತು, ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಓಡಾಡಿ, ಸಂಜೆ ಆಳುಗಳನ್ನು ಅವರ ಲೈನ್ ಮನೆಗಳಿಗೆ ಬಿಟ್ಟು ಬರುವ ಹಳೆಯ ಡೀಸೆಲ್ ಗಾಡಿಗಳಿಗೆ ಕಾಯಿಲೆ ಕಾಣಿಸಿಕೊಳ್ಳುವುದೂ ಇದೇ ಧೂಳಿನ ಕಾಲದಲ್ಲಿ. ಅದರಲ್ಲೊಂದು ಕಾಯಿಲೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ದಿಬ್ಬ ಹತ್ತಿಸುವಾಗ ಬಾನೆಟ್ಟಿನೊಳಗಿಂದ ಕೀಂಯ್ ಎಂದು ಕೂಗು. ಗ್ಯಾರೇಜಿಗೆ ಒಯ್ದರೆ ತೀರ್ಪು ಸಿದ್ಧವಾಗಿರುತ್ತದೆ: 'ಟರ್ಬೊ ಹೋಗಿದೆ ಸಾರ್, ಬದಲಾಯಿಸ್ಬೇಕು.' ಹೋಗಿರಲೂಬಹುದು. ಆದರೆ ಕೂಗುವ ಗಾಡಿಯಲ್ಲಿ ಟರ್ಬೊ ಮೇಲೆ ಅನುಮಾನ ಪಡಬೇಕಾದದ್ದು ಕೊನೆಯಲ್ಲಿ. ಅದಕ್ಕೂ ಮುಂಚೆ ನೋಡಬೇಕಾದ್ದು ಬೇಕಾದಷ್ಟಿದೆ.

ಮೊದಲಿಗೆ, ನಿಮ್ಮ ಗಾಡಿಯಲ್ಲಿ ಟರ್ಬೊ ಇದೆಯೇ? ನಗಬೇಡಿ. ಮಹೀಂದ್ರದ ಹಳೆಯ ಮೇಜರ್, ಎಂಎಂ 540 ಜೀಪುಗಳಿಗೆ ಕಂಪನಿಯಿಂದ ಟರ್ಬೊ ಬಂದೇ ಇರಲಿಲ್ಲ. 1998ರಲ್ಲಿ ಬಂದ ಟಾಟಾ ಸಫಾರಿ, 2002ರ ಸ್ಕಾರ್ಪಿಯೊ ಇವುಗಳ ಡೀಸೆಲ್ ಎಂಜಿನ್ನಿಗೆ ಇತ್ತು. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಟರ್ಬೊ ಅಂದರೆ ಇಷ್ಟೇ. ಲೋಡ್ ಬಿದ್ದಾಗ ಆ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ಅದನ್ನು ಹಿಡಿದಿಡುವುದು ಎಂಜಿನ್ ಆಯಿಲ್‌ನ ತೆಳುವಾದ ಪದರ. ಆದ್ದರಿಂದ ಸುಂಯ್ ಎಂಬ ಸಣ್ಣ ಸಿಳ್ಳೆ ಕೇಳಿಸಿದರೆ ಗಾಬರಿ ಬೇಡ, ಅದು ಹುಟ್ಟುಗುಣ. ನಿನ್ನೆವರೆಗೆ ಇಲ್ಲದ ದನಿ ಇವತ್ತು ಬಂದಿದ್ದರೆ ಮಾತ್ರ ಹುಡುಕಬೇಕು.

ಹುಡುಕಾಟ ಫ್ಯಾನ್ ಬೆಲ್ಟಿನಿಂದ ಶುರುವಾಗಲಿ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ದೂರದಿಂದಲೇ ಬೆಲ್ಟಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಕೂಗು ಒಂದು ಗಳಿಗೆ ನಿಂತರೆ, ಇಲ್ಲವೇ ಬದಲಾದರೆ, ಕಳ್ಳ ಬೆಲ್ಟೇ. ಆಲ್ಟರ್ನೇಟರ್ ಬೇರಿಂಗು, ಟೆನ್ಷನರ್ ಪುಲ್ಲಿ ಕೂಡ ಇದೇ ರಾಗ ಹಾಡುತ್ತವೆ.

ಬೆಲ್ಟ್ ಸುಮ್ಮನಿದೆ ಎಂದಾದರೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಮಾಡಿ. ಕೂಗು ಇಲ್ಲವೇ? ಈಗ ಮೂರನೇ ಗೇರಿನಲ್ಲಿ ಲೋಡ್ ಸಮೇತ ದಿಬ್ಬ ಹತ್ತಿಸಿ. ಇಲ್ಲಿ ಮಾತ್ರ ಕೂಗಿದರೆ, ಜೊತೆಗೆ ಪಿಕಪ್ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ, ಟರ್ಬೊ ಒತ್ತಿ ಕಳಿಸಿದ ಗಾಳಿ ದಾರಿಯಲ್ಲಿ ಸೋರುತ್ತಿರಬೇಕು. ನ್ಯೂಟ್ರಲ್‌ನಲ್ಲಿ ಎಷ್ಟೇ ಅರಚಿಸಿದರೂ ಗಾಳಿಗೆ ಪೂರ್ತಿ ಒತ್ತಡ ಬರುವುದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ನಿಂತಲ್ಲೇ ರೇಸ್ ಮಾಡಿ ತೀರ್ಪು ಕೊಡುವವರನ್ನು ನಾನು ನಂಬದಿರುವುದು ಇದಕ್ಕೇ.

ಸೋರುವ ಜಾಗ ಹೆಚ್ಚಾಗಿ, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸು. ಮೇಲಿಂದ ನೋಡಿದರೆ ಚೆನ್ನಾಗೇ ಇರುತ್ತದೆ. ಕೈ ಹಾಕಿ ಕೆಳಭಾಗ ಸವರಿ. ಕ್ಲಾಂಪಿನ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸೀಳು, ಅದರ ಸುತ್ತ ಆಯಿಲಿಗೆ ಅಂಟಿ ಕಪ್ಪಗಾದ ಧೂಳು ಸಿಗುತ್ತದೆ. ಸಿಗದಿದ್ದರೆ ಒಂದು ಉಪಾಯವಿದೆ. ಟರ್ಬೊದ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪಿಗೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಎಂಜಿನ್ ನಿಲ್ಲಿಸಿ, ಏರ್ ಫಿಲ್ಟರಿನಿಂದ ಬರುವ ಪೈಪು ಕಳಚಿ, ಆ ಜಾಗಕ್ಕೆ ಕ್ಯಾಪನ್ನು ಬಿಗಿದು ಹತ್ತು ಪಿಎಸ್‌ಐ ಆಸುಪಾಸು ಗಾಳಿ ಬಿಡಿ. ಟೈರಿಗೆ ಹಾಕುವಷ್ಟು ಹಾಕಲೇಬೇಡಿ. ಜಾಯಿಂಟುಗಳ ಮೇಲೆ ಸೋಪಿನ ನೀರು ಸುರಿದರೆ ಗುಳ್ಳೆ ಏಳುವ ಜಾಗವೇ ಕೂಗುವ ಜಾಗ.

ಇನ್ನೊಂದು ದನಿ ಬೆಳಗಿನದು. ತಣ್ಣಗಿರುವ ಎಂಜಿನ್ ಚಾಲೂ ಮಾಡಿದೊಡನೆ ಚಿಟ್ ಚಿಟ್ ಎನ್ನುತ್ತದೆ, ಒಂದಷ್ಟು ದೂರ ಓಡಿ ಕಾದ ಮೇಲೆ ತಾನೇ ಸುಮ್ಮನಾಗುತ್ತದೆ. ಇದು ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಥವಾ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವಿನ ಗ್ಯಾಸ್ಕೆಟ್ ಸೋರುವ ಲಕ್ಷಣ. ಕಾದ ಬೀಡು ಕಬ್ಬಿಣ ಹಿಗ್ಗಿ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಜಾಯಿಂಟಿನಲ್ಲಿ ಮಸಿಯ ಗೆರೆ ಕಾಣಿಸುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ಟರ್ಬೊ ಸರದಿ. ಬೇರಿಂಗು ಸವೆದ ಟರ್ಬೊ ಆಂಬುಲೆನ್ಸಿನ ಸೈರನ್ನಿನ ಹಾಗೆ ಏರುತ್ತ ಇಳಿಯುತ್ತ ಕೂಗುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೂ ಕೂಗು ಸ್ವಲ್ಪ ಹೊತ್ತು ಎಳೆಯುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇದ್ದರೆ ಅನುಮಾನ ಗಟ್ಟಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಫಿಲ್ಟರ್ ಕಡೆಯ ಪೈಪು ಬಿಚ್ಚಿ, ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿಯಿರಿ. ಅಕ್ಕಪಕ್ಕ ಒಂಚೂರು ಅಲುಗಾಡುವುದು ಸಹಜ, ಆಯಿಲ್ ಪದರಕ್ಕೆಂದು ಬಿಟ್ಟ ಜಾಗವದು. ಹಿಂದೆ ಮುಂದೆ ಎಳೆದು ತಳ್ಳಿದಾಗ ಮಾತ್ರ ಕೈಗೆ ಗೊತ್ತಾಗುವಷ್ಟು ಪ್ಲೇ, ಅಂದರೆ ಸಡಿಲ, ಇರಬಾರದು. ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿದಾಗ ರೆಕ್ಕೆಗಳು ಗೋಡೆಗೆ ತಾಗಿದರೆ, ಅಲ್ಯೂಮಿನಿಯಂ ಗೋಡೆಯಲ್ಲಿ ಹೊಸದಾಗಿ ಉಜ್ಜಿದ ಹೊಳಪು ಕಂಡರೆ, ಆ ಟರ್ಬೊ ಇಟ್ಟುಕೊಂಡು ಓಡಾಡಬೇಡಿ. ಸೀಲು ಪೂರ್ತಿ ಕೈಕೊಟ್ಟರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ರೇಸಾಗುತ್ತ ಹೋಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಬ್ರೇಕ್ ಒತ್ತಿ ಹಿಡಿದು, ದೊಡ್ಡ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕೊಲ್ಲಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಹಿಡಿಯಲು ಮಾತ್ರ ಹೋಗಬೇಡಿ.

ಹೊಸ ಟರ್ಬೊ ತರುವ ಮುಂಚೆ ಹಳೆಯದು ಏಕೆ ಹೋಯಿತು ಎಂದು ಕೇಳಿಕೊಳ್ಳಿ. ಹರಿದ ಏರ್ ಫಿಲ್ಟರಿನಿಂದ ಧೂಳು ನುಗ್ಗಿತೇ? ಆಯಿಲ್ ತರುವ ಸಣ್ಣ ಪೈಪಿನ ಬೋಲ್ಟಿನ ತೂತಿನಲ್ಲಿ ಸುಟ್ಟ ಆಯಿಲ್ ಕರಿಯಾಗಿ ಕಟ್ಟಿಕೊಂಡಿದೆಯೇ? ಘಾಟಿ ಹತ್ತಿಸಿ ತಕ್ಷಣ ಎಂಜಿನ್ ಆಫ್ ಮಾಡುವ ಡ್ರೈವರುಗಳ ಗಾಡಿಯಲ್ಲಿ ಇದು ಮಾಮೂಲು. ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಸಾಕಿತ್ತು. ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಗಾಳಿ ಜೋರಾಗಿ ನುಗ್ಗಿ ಹೊರಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಆ ಒತ್ತಡಕ್ಕೆ ಟರ್ಬೊದ ಆಯಿಲ್ ಕೆಳಗಿಳಿಯಲಾರದು, ನೀವು ತಂದ ಹೊಸದೂ ಸೋರುತ್ತದೆ. ಟರ್ಬೊ ದುಡ್ಡನ್ನು ಎಂಜಿನ್ ಕೆಲಸಕ್ಕೆ ಎತ್ತಿಡುವುದು ಲೇಸು.

ಹೊಸದು ಕೂರಿಸುವಾಗ ಆಯಿಲ್, ಆಯಿಲ್ ಫಿಲ್ಟರ್ ಎರಡೂ ಬದಲಾಗಲಿ. ಟರ್ಬೊದ ಆಯಿಲ್ ತೂತಿಗೆ ಶುದ್ಧ ಆಯಿಲ್ ಸುರಿದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಎಂಜಿನ್ನಿಗೆ ಡೀಸೆಲ್ ಬಿಡುವ, ತಡೆಯುವ ಸೊಲೆನಾಯ್ಡ್‌ನ ವೈರ್ ಕಿತ್ತು ಸೆಲ್ಫ್ ಹೊಡೆಯಿರಿ. ಎಂಜಿನ್ ಚಾಲೂ ಆಗದೆ ಆಯಿಲ್ ಮಾತ್ರ ಮೇಲೇರುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಲೈಟು ಆರಿದ ಮೇಲೆ ವೈರ್ ಹಾಕಿ ಚಾಲೂ ಮಾಡಿ, ಎರಡು ನಿಮಿಷ ರೇಸ್ ಮಾಡದೆ ಬಿಡಿ. ಆಮೇಲೆ ಚೀಲ ಹೇರಿ.

ನಮಸ್ಕಾರ.