ನಗು ಯಾರ ಕಡೆಗೆ ತಿರುಗಿದೆ?

ನಮಸ್ಕಾರ. ಕೆಲಸದ ಜಾಗದಲ್ಲಿ ನಗುವಿಗೂ ಕರುಣೆಗೂ ಇರುವ ನಂಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ, ಒಂದೇ ವಾರದ ಕೆಲಸದ ವರದಿಯನ್ನು ಮೂವರು ಮೇಲಧಿಕಾರಿಗಳಿಗೆ ಮೂರು ಬೇರೆ ಬೇರೆ ನಮೂನೆಗಳಲ್ಲಿ ಬರೆದುಕೊಡಬೇಕಾಗಿತ್ತು. ಅಂಕಿಗಳು ಅವೇ ಆಗಿದ್ದರೂ ಒಬ್ಬರಿಗೆ ಎಲ್ಲವೂ ಕೋಷ್ಟಕದಲ್ಲಿರಬೇಕು, ಇನ್ನೊಬ್ಬರಿಗೆ ಕೋಷ್ಟಕ ಕಂಡರಾಗದು, ಮೂರನೆಯವರು ಅದನ್ನು ತೆರೆದು ಓದಿದ್ದರ ಕುರುಹೇ ನಮಗೆ ಸಿಗುತ್ತಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದ ಆ ದಿನಗಳಲ್ಲಿ ನಮ್ಮಲ್ಲೊಬ್ಬರು ಒಂದು ಶುಕ್ರವಾರ ಸಂಜೆ ಆ ಮೂರು ವರದಿಗಳಿಗೆ ದೊಡ್ಡಣ್ಣ, ನಡುವಣ್ಣ, ಚಿಕ್ಕಣ್ಣ ಎಂದು ನಾಮಕರಣ ಮಾಡಿದರು. ಅಂದಿನಿಂದ "ಚಿಕ್ಕಣ್ಣ ಮಲಗಿದನೇ?" ಎಂದು ಯಾರಾದರೂ ಕೇಳಿದರೆ ಸಾಕು, ಇಡೀ ಕೋಣೆ ನಗುತ್ತಿತ್ತು. ಕೆಲಸ ಒಂದು ಸಾಲಿನಷ್ಟೂ ಕಡಿಮೆಯಾಗಲಿಲ್ಲ. ಆದರೂ ಮನೆಗೆ ಹೋಗುವಾಗ ಹೆಗಲು ಹಗುರವಾಗಿರುತ್ತಿತ್ತು, ಏಕೆಂದರೆ ಇಲ್ಲಿ ಏನೋ ಸರಿಯಿಲ್ಲ ಎಂದು ಅನ್ನಿಸುತ್ತಿರುವುದು ನನಗೊಬ್ಬನಿಗೇ ಅಲ್ಲ ಎಂಬುದನ್ನು ಆ ನಗು ನನಗೆ ತಿಳಿಸಿಕೊಡುತ್ತಿತ್ತು.

ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ವಿದ್ಯಾರ್ಥಿಗಳು ಜನರ ನಡುವೆ ತಾನಾಗಿ ಮೂಡಿದ 1,200 ನಗುವಿನ ಸಂದರ್ಭಗಳನ್ನು ಗುರುತುಹಾಕಿಕೊಂಡಾಗ, ಹಾಸ್ಯವೆನ್ನಬಹುದಾದ ಮಾತಿನ ಬೆನ್ನಿಗೆ ಬಂದ ನಗು ಶೇಕಡಾ 10ರಿಂದ 20ರಷ್ಟು ಮಾತ್ರ ಇತ್ತು. ಉಳಿದದ್ದೆಲ್ಲ ಸಾಧಾರಣ ಮಾತುಕತೆಯ ನಡುವಿನ ನಗು, "ನಾನೂ ನಿಮ್ಮ ಜೊತೆಗಿದ್ದೇನೆ" ಎಂದು ಹೇಳುವ ನಗು.

ಆದರೆ ಅದೇ ಕೋಣೆಯಲ್ಲಿ ಇನ್ನೊಂದು ನಗುವೂ ಇತ್ತು, ಅದರ ಬಗ್ಗೆ ಹೇಳದೆ ಹೋದರೆ ನಾನು ಅರ್ಧ ಮಾತು ಆಡಿದಂತೆ. ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಯಾವ ಕೆಲಸವನ್ನೂ ಹೇಳಿದ ಸಮಯಕ್ಕೆ ಮುಗಿಸುತ್ತಿರಲಿಲ್ಲ. ನಾವು ಅವರಿಗೂ ಒಂದು ಅಡ್ಡಹೆಸರು ಇಟ್ಟೆವು. ಮೊದಮೊದಲು ಅವರೂ ನಮ್ಮೊಂದಿಗೆ ನಕ್ಕರು, ತಮ್ಮ ನಿಧಾನದ ಬಗ್ಗೆ ತಾವೇ ಮಾತು ಕಟ್ಟಿ ನಮ್ಮನ್ನು ನಗಿಸಿದರು. ಆಮೇಲೆ ಊಟಕ್ಕೆ ಒಬ್ಬರೇ ಕೂರತೊಡಗಿದರು. ಕೆಲವು ತಿಂಗಳಲ್ಲಿ ರಾಜೀನಾಮೆ ಕೊಟ್ಟು ಹೋದರು. ಅವರ ಮೇಜಿನ ಕಡತಗಳು ನಮಗೆ ಹಂಚಿಕೆಯಾದಾಗಲೇ ನನಗೆ ಗೊತ್ತಾದದ್ದು, ಅವರಿಗಿಂತ ಮುಂಚೆ ಬಿಟ್ಟುಹೋದ ಇಬ್ಬರ ಕೆಲಸವನ್ನೂ ಅವರ ತಲೆಗೇ ಕಟ್ಟಲಾಗಿತ್ತು. ಅಷ್ಟು ತಿಂಗಳು ಎದುರುಬದುರು ಕುಳಿತಿದ್ದ ನಾನು ಒಂದು ದಿನವೂ "ಯಾಕೆ ತಡವಾಗುತ್ತಿದೆ?" ಎಂದು ಕೇಳಿರಲಿಲ್ಲ. ಇದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಕನ್ನಡದಲ್ಲಿ 'ಹಾಸ್ಯ'ದ ಹಿಂದೆ 'ಅಪ' ಎಂಬ ಎರಡೇ ಅಕ್ಷರ ಸೇರಿದರೆ ಅರ್ಥವೇ ತಲೆಕೆಳಗಾಗುತ್ತದೆ. ಈ ಎರಡು ಅಕ್ಷರಗಳ ಅಂತರವನ್ನು ಮನಶ್ಶಾಸ್ತ್ರಜ್ಞರೂ ಅಳೆಯಲು ಪ್ರಯತ್ನಿಸಿದ್ದಾರೆ. ಕೆನಡಾದ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಹಾಸ್ಯವನ್ನು ನಾಲ್ಕು ಬಗೆಯಾಗಿ ನೋಡುತ್ತದೆ: ಜನರನ್ನು ಹತ್ತಿರ ತರುವ ಹಾಸ್ಯ, ಕಷ್ಟದಲ್ಲಿ ತನ್ನ ಮನಸ್ಸನ್ನು ಎತ್ತಿ ಹಿಡಿಯುವ ಹಾಸ್ಯ, ಇತರರನ್ನು ಇರಿಯುವ ಹಾಸ್ಯ, ಮತ್ತು ಇತರರ ಒಪ್ಪಿಗೆ ಗಳಿಸಲು ತನ್ನನ್ನೇ ಹೀಯಾಳಿಸಿಕೊಳ್ಳುವ ಹಾಸ್ಯ. ಈ ಕೊನೆಯದು ಆತಂಕ ಮತ್ತು ಖಿನ್ನತೆಯ ಜೊತೆಜೊತೆಗೇ ಕಾಣಿಸಿಕೊಳ್ಳುತ್ತದೆ ಎಂದು ಅವರ ಅಧ್ಯಯನ ತೋರಿಸಿತು. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಸಹೋದ್ಯೋಗಿಯ ಮುಖ. ಅವರು ನಗುತ್ತಿದ್ದರಲ್ಲ, ಹಾಗಾದರೆ ಬೇಸರವಿರಲಿಲ್ಲ ಎಂದು ನಾವು ಅಂದುಕೊಂಡದ್ದು ನಮಗೆ ಅನುಕೂಲವಾಗಿದ್ದ ತಿಳಿವಳಿಕೆ, ಅಷ್ಟೇ.

ಇದು ಒಬ್ಬರ ಮನಸ್ಸಿನ ನೋವಿಗಷ್ಟೇ ಸಂಬಂಧಿಸಿದ ಮಾತಲ್ಲ, ಕೆಲಸದ ಗುಣಮಟ್ಟಕ್ಕೂ ಸಂಬಂಧಿಸಿದ್ದು. ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್ಸನ್, ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬಹುದೆಂದು ಊಹಿಸಿದ್ದರು. 1996ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅದಕ್ಕೆ ತದ್ವಿರುದ್ಧವಾಗಿತ್ತು. ಉತ್ತಮ ನಾಯಕತ್ವವಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ತಪ್ಪನ್ನು ಹೇಳಿಕೊಳ್ಳಲು ಅಂಜುತ್ತಿರಲಿಲ್ಲ ಎಂಬ ವಿವರಣೆಯತ್ತ ಅವರು ಬಂದರು. ಎಡವಿದವರನ್ನು ನಗೆಪಾಟಲಿಗೆ ಗುರಿಮಾಡುವ ಕಡೆ ನಡೆಯುವುದು ಇದಕ್ಕೆ ಉಲ್ಟಾ. ಒಂದು ಸಲ ಎಲ್ಲರೆದುರು ನಗೆಗೀಡಾದವನು ಮುಂದಿನ ತಪ್ಪನ್ನು ಮುಚ್ಚಿಡುತ್ತಾನೆ, ಮುಚ್ಚಿಟ್ಟ ತಪ್ಪು ಬೆಳೆದು ದೊಡ್ಡದಾಗಿ ಒಂದು ದಿನ ಎಲ್ಲರ ಮೇಲೆ ಬೀಳುತ್ತದೆ.

ಹಾಗಾದರೆ ಕರುಣೆ ಎಂದರೇನು? ಮರುಕಪಡುವುದು ಸುಲಭ, ದೂರದಲ್ಲಿ ನಿಂತು "ಅಯ್ಯೋ ಪಾಪ" ಎಂದರೆ ಅದು ಮುಗಿಯಿತು. ನಾನು ಹೇಳುತ್ತಿರುವ ಕರುಣೆಗೆ ಸ್ವಲ್ಪ ಕುತೂಹಲ ಬೇಕು, ಎದ್ದು ಹೋಗುವ ಕಾಲು ಬೇಕು. "ಇದರಲ್ಲಿ ಯಾವ ಭಾಗವನ್ನು ನಾನು ಮಾಡಿಕೊಡಲಿ?" ಎಂಬ ಒಂದು ಪ್ರಶ್ನೆಯಲ್ಲಿ ಅದು ಇದೆ. ಅದು ಮೇಲಧಿಕಾರಿಗಳಿಗೂ ಸಲ್ಲಬೇಕು ಎಂದು ನಾನು ನಂಬುತ್ತೇನೆ, ಏಕೆಂದರೆ ಕೋಷ್ಟಕಕ್ಕಾಗಿ ಪಟ್ಟುಹಿಡಿಯುವವರ ಮೇಲೆ ಅದನ್ನೇ ಕೇಳುವ ಮತ್ತೊಬ್ಬರು ಕುಳಿತಿರುತ್ತಾರೆ. ಆದರೆ ಅಧಿಕಾರವುಳ್ಳವರ ಹಾಸ್ಯಕ್ಕೆ ಮಾತ್ರ ಹೆಚ್ಚಿನ ಎಚ್ಚರ ಬೇಕೇಬೇಕು. ಸಭೆಯಲ್ಲಿ ಅವರು ಕಿರಿಯರೊಬ್ಬರ ಮೇಲೆ ಮಾಡುವ ತಮಾಷೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ನಗುತ್ತಿದೆ ಎಂಬುದು ಬೆಕ್ಕಿಗೆ ಸಮರ್ಥನೆಯಾಗದು.

ನಗುವಿಗೂ ಒಂದು ಗಡಿಯಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ, ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಬಳಲಿಕೆಯನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿ, ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಸಿನಿಕತನ ಬೆಳೆಯುವುದು, ಮತ್ತು ಸಾಮರ್ಥ್ಯ ಕುಗ್ಗುವುದು. ಎರಡನೆಯ ಲಕ್ಷಣವನ್ನು ಗಮನಿಸಿ. ನಿಮ್ಮ ತಂಡದ ತಮಾಷೆಗಳು ದಿನದಿಂದ ದಿನಕ್ಕೆ ಕಹಿಯಾಗುತ್ತಿದ್ದರೆ, ನಕ್ಕ ಮೇಲೆ ಹಗುರವಾಗುವ ಬದಲು ಇನ್ನಷ್ಟು ಭಾರವೆನಿಸುತ್ತಿದ್ದರೆ, ಅದು ಬಳಲಿಕೆಯ ಗುರುತಾಗಿರಬಹುದು. ಸಂಬಳ ತಡೆಹಿಡಿಯುವುದು, ಬೆದರಿಕೆ, ಕಿರುಕುಳ ಇಂಥವನ್ನಂತೂ ನಕ್ಕು ನುಂಗಬಾರದು. ಅವುಗಳನ್ನು ಬರೆದಿಟ್ಟುಕೊಳ್ಳಬೇಕು, ದೂರು ಕೊಡಬೇಕು, ಆಗದಿದ್ದರೆ ಹೊರಬರಬೇಕು.

ನಮ್ಮ ಮೂವರು ಅಣ್ಣಂದಿರ ಕಥೆಗೆ ಒಂದು ಮುಂದಿನ ಭಾಗವಿದೆ. ಹೆಸರಿಟ್ಟ ಸಹೋದ್ಯೋಗಿಯೇ ಒಂದು ಸಭೆಯಲ್ಲಿ ಮೂರೂ ವರದಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಒಂದೇ ಅಂಕಿ ಮೂರು ಕಡೆ ಮೂರು ವೇಷದಲ್ಲಿರುವುದನ್ನು ತೋರಿಸಿ, ಯಾರನ್ನೂ ದೂರದೆ ಅವುಗಳನ್ನು ಹೆಸರಿನಿಂದಲೇ ಪರಿಚಯಿಸಿದರು. ಮೇಲಧಿಕಾರಿಗಳು ಮೂವರೂ ನಕ್ಕರು. ಮುಂದಿನ ತಿಂಗಳಿನಿಂದ ಒಂದೇ ವರದಿ ಸಾಕೆಂದರು. ಅಂದು ನಾವೆಲ್ಲ ಸಂತೋಷದಿಂದ ಎದ್ದು ಬಂದಾಗ ನನ್ನ ಎದುರಿನ ಮೇಜು ಖಾಲಿಯಿತ್ತು. ಅವರು ಬಿಟ್ಟುಹೋಗಿ ನಾಲ್ಕು ತಿಂಗಳಾಗಿತ್ತು.